ಬೆನ್ನ ಮೇಲಿನ ಯಜಮಾನರು

ಚರ್ಮದ ಡಾಕ್ಟರಾಗಿ ಕೊಳ್ಳೇಗಾಲದಲ್ಲಿ ಕೂತವರಿಗೆ ಇಂಥವು ನಡೆಯುತ್ತಲೇ ಇರುತ್ತವೆ. ಮೈಸೂರಿನಲ್ಲಿರುವ ನನ್ನ ಡಾಕ್ಟರ್ ಗೆಳತಿಯರ ಪಾಲಿಗೆ ಮೊಡವೆ, ಕೂದಲು ಉದುರುವುದು, ಮದುವೆಗೆ ಮುಂಚೆ ಮುಖ ಬೆಳ್ಳಗಾಗಬೇಕೆನ್ನುವವರು. ನನ್ನ ಪಾಲಿಗೆ ದೃಷ್ಟಿ, ನಿಂಬೆಹಣ್ಣು, ಸತ್ತವರು. ಊರಿನ ಹೆಸರು ಹೇಳಿದರೆ ಸಾಕು, ಹೊರಗಿನವರು "ಓಹೋ ಕೊಳ್ಳೇಗಾಲವಾ! ಔಷಧಿ ಬರೀತೀರೋ, ತಾಯತ ಕಟ್ತೀರೋ?" ಎಂದು ನಗುತ್ತಾರೆ. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಈ ಮಾತಿಗೆ ನನಗೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಯಾಕೆ ಅನ್ನುವುದನ್ನೇ ಹೇಳಲು ಹೊರಟಿದ್ದೇನೆ.

ಮಚ್ಚೆ ನೋಡುವುದು ನನ್ನ ಕೆಲಸದಲ್ಲಿ ಒಂದು ಭಾಗ. ಮಚ್ಚೆ ಯಾರಿಗಿಲ್ಲ? ಬಹುಪಾಲು ಮಚ್ಚೆಗಳು ಪಾಪದವು, ತಮ್ಮ ಪಾಡಿಗೆ ತಾವಿರುತ್ತವೆ. ಎಲ್ಲೋ ಒಂದು ಮಾತ್ರ ಕೆಟ್ಟ ದಾರಿ ಹಿಡಿದು ಕ್ಯಾನ್ಸರ್ ಆಗುತ್ತದೆ. ಅದನ್ನು ಗುರುತಿಸುವುದಕ್ಕೆ ಕೆಲವು ಲಕ್ಷಣಗಳಿವೆ: ಒಂದು ಅರ್ಧದ ಹಾಗೆ ಇನ್ನೊಂದು ಅರ್ಧ ಇಲ್ಲದಿರುವುದು, ಅಂಚು ಅಂಕುಡೊಂಕಾಗುವುದು, ಒಂದೇ ಮಚ್ಚೆಯಲ್ಲಿ ಹತ್ತಾರು ಬಣ್ಣ ಕಾಣುವುದು, ಬೆಳೆಯುವುದು, ಕೆರೆಯುವುದು, ಮುಟ್ಟಿದರೆ ರಕ್ತ ಬರುವುದು. ಬಸ್ಸಿನಲ್ಲಿ ಪಕ್ಕದವರಿಗೆ ಇಷ್ಟು ಹೇಳಿ ನೋಡಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಮುಂದಿನ ಸೀಟಿನವರೂ ಕತ್ತು ಮುಟ್ಟಿಕೊಳ್ಳುತ್ತಾರೆ.

ನಾನು ಹೇಳುವ ಪ್ರಸಂಗಗಳೆಲ್ಲ ನಡೆದದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಬಂಡಳ್ಳಿಯ ಒಬ್ಬ ರೈತನ ಬೆನ್ನಿನ ಮೇಲಿದ್ದ ಮಚ್ಚೆ ಕೆಟ್ಟ ದಾರಿ ಹಿಡಿದಿತ್ತು. ಅದನ್ನು ತೆಗೆಯದಿದ್ದರೆ ಅವನು ಉಳಿಯುವುದು ಕಷ್ಟ ಎಂದು ನನಗೆ ಗೊತ್ತಿತ್ತು. ತೆಗೆಯಲು ಬಿಡದೆ ಅಡ್ಡ ನಿಂತವರು ಯಾರು ಎನ್ನುವುದೇ ಕತೆ. ಅದಕ್ಕೆ ಮೊದಲು ಹೊನ್ನೂರಿನದೊಂದು ಹೇಳಿಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ.

೧. ನಡೆದಾಡುವ ಮಚ್ಚೆ

ಗುರುವಾರ ನಾನು ಯಳಂದೂರಿನಲ್ಲಿ ಕೂರುತ್ತೇನೆ. ಅವತ್ತು ಹೊನ್ನೂರಿನಿಂದ ಅತ್ತೆ ಸೊಸೆ ಇಬ್ಬರೂ ಕೂಸನ್ನು ಎತ್ತಿಕೊಂಡು ಆಟೋದಲ್ಲಿ ಬಂದಿದ್ದರು. ಕೂಸಿನ ಕುತ್ತಿಗೆಯ ಮಡಿಕೆಯಲ್ಲಿ ಬೆವರುಸಾಲೆ. ಪುಡಿ ಬರೆದುಕೊಟ್ಟೆ. ಅಷ್ಟರಲ್ಲಿ ಕೂಸು ಕಾಲು ಝಾಡಿಸಿತು, ಎಡ ಅಂಗಾಲಿನಲ್ಲಿ ಕಪ್ಪಗೆ ಏನೋ ಕಂಡಿತು.

ನಮ್ಮ ಜನಕ್ಕೆ ಕೆಟ್ಟ ಮಚ್ಚೆ ಬಂದರೆ ಅಂಗಾಲು, ಅಂಗೈ, ಉಗುರಿನ ಸಂದಿಯಂಥ ಕಡೆ ಹೋಗಿ ಬಚ್ಚಿಟ್ಟುಕೊಳ್ಳುವುದು ಹೆಚ್ಚು. ಕೂಸುಗಳಿಗೆ ಬರುವುದಿಲ್ಲ ಎಂದೇ ಹೇಳಬೇಕು, ಆದರೂ ಕಣ್ಣಿಗೆ ಅಭ್ಯಾಸ ನೋಡಿ. ದೀಪವಿರುವ ನನ್ನ ಲೆನ್ಸನ್ನು ಅಂಗಾಲಿಗೆ ಹಿಡಿದೆ. ಅಂಚು ಅಂಕುಡೊಂಕು. ಬಣ್ಣ ಒಂದು ಕಡೆ ದಟ್ಟ, ಒಂದು ಕಡೆ ತೆಳು.

"ಇದು ಯಾವಾಗಿನಿಂದ ಇದೆ?" ಎಂದೆ.

"ಉಟ್ಟಿದಾಗಿಂದ್ಲೂ ಇರ್ತದೆ ಕಣವ್ವ," ಎಂದಳು ಅತ್ತೆ.

"ದೊಡ್ಡದಾಗ್ತಾ ಇದೆಯಾ?"

"ಒಂದೊಂದ್ ದಿನ ದೊಡ್ದು, ಒಂದೊಂದ್ ದಿನ ಚಿಕ್ದು."

ನಾನು ತಲೆ ಎತ್ತಿದೆ. ಅತ್ತೆಯ ಮುಖದಲ್ಲಿ ತಮಾಷೆಯ ಸುಳಿವೇ ಇಲ್ಲ.

"ಅಂದ್ರೆ? ಜಾಗ ಇದೇನಾ ಯಾವಾಗ್ಲೂ?"

"ಇಲ್ಲ ಕಣವ್ವ, ನೆನ್ನೆ ಬಲಗಾಲಲ್ಲಿತ್ತು."

ಇಷ್ಟು ವರ್ಷ ಓದಿದ್ದರಲ್ಲಿ ಮಚ್ಚೆ ಎದ್ದು ನಡೆದು ಇನ್ನೊಂದು ಕಾಲಿಗೆ ಹೋದದ್ದನ್ನು ನಾನು ಎಲ್ಲಿಯೂ ಓದಿರಲಿಲ್ಲ. ಕೂಸು ನನ್ನನ್ನೇ ನೋಡುತ್ತ ಬೊಚ್ಚುಬಾಯಿ ಬಿಟ್ಟು ನಗುತ್ತಿತ್ತು. ಇನ್ನಷ್ಟು ಸ್ಪಷ್ಟವಾಗಿ ಕಾಣಲೆಂದು ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದೆ. ಹತ್ತಿ ಕಪ್ಪಾಯಿತು, ತೊಳೆದ ತಟ್ಟೆಯ ಹಾಗೆ ಅಂಗಾಲು ಬೆಳ್ಳಗಾಯಿತು. ಕಾಡಿಗೆ! ಮುಖದ ಮೇಲೆ ಇಟ್ಟರೆ ಅಂದ ಕೆಡುತ್ತದೆಂದು ಅಂಗಾಲಿಗೆ ಇಡುವ ದೃಷ್ಟಿಬೊಟ್ಟು. ನನ್ನಮ್ಮ ನನಗೂ ಇಟ್ಟಿರುತ್ತಾಳೆ.

ನಾನು ನಗುವ ಮೊದಲೇ ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಹಿಂದೆ ಸರಿದಳು. "ಅಯ್ಯಪ್ಪಾ! ಏನ್ ಕಣ್ಣವ್ವ ನಿಮ್ದು! ಬೊಟ್ಟೇ ಎದ್ರುಕಂಡು ಓಡೋಯ್ತಲ್ಲ!"

ಮುಂದಿನ ಗುರುವಾರದಿಂದ ಹೊನ್ನೂರಿನ ಕಡೆಯಿಂದ ಬಂದವರೆಲ್ಲರ ಮೈಮೇಲೂ ಕಪ್ಪು ಬೊಟ್ಟು. ಮೀಸೆ ಹೊತ್ತ ಗಂಡಸರ ಕೆನ್ನೆಯ ಮೇಲೆ, ಕಬ್ಬು ಕಡಿದು ಬಂದವರ ಮೊಣಕೈ ಮೇಲೆ. ಮೊದಲು ಸ್ಪಿರಿಟ್ಟಿನಲ್ಲಿ ಒರೆಸಬೇಕು, ಆಮೇಲೆ ಉಳಿದದ್ದನ್ನು ಮಚ್ಚೆ ಎಂದುಕೊಳ್ಳಬೇಕು. ಒಬ್ಬ ಹಿರಿಯರಂತೂ ನನ್ನ ಕೈಯನ್ನೇ ತಡೆದರು.

"ಅದೊಂದ ಅಳಿಸ್ಬ್ಯಾಡಿ ಡಾಕ್ಟ್ರಮ್ಮ. ಅದು ನಿಮ್ಗೇ ಅಂತ್ಲೇ ಇಟ್ಕಂಡ್ ಬಂದಿರಾದು."

೨. ಮುಂದೆ ಒಬ್ಬರು, ಹಿಂದೆ ಒಬ್ಬರು

ಹನೂರಿಗೆ ಹೋಗುವುದು ಮಂಗಳವಾರ. ಬಸ್ ಸ್ಟ್ಯಾಂಡಿನ ಹಿಂದೊಂದು ಮೆಡಿಕಲ್ ಸ್ಟೋರ್, ಅದರ ಹಿಂದಿನ ಕೋಣೆಯಲ್ಲಿ ನಾನು. ಬೆಟ್ಟದ ದೇವಸ್ಥಾನಕ್ಕೆ ಹೋಗುವ ಬಸ್ಸು ಹೊರಟಾಗಲೆಲ್ಲ ಗೋಡೆ ನಡುಗುತ್ತದೆ. ಮಾರ್ನಮಿ ಹಬ್ಬ ಕಳೆದ ಮೇಲೆ ಒಂದು ದಿನ ಬಂಡಳ್ಳಿಯಿಂದ ಮೂವರು ಬಂದರು. ಮುಂದೆ ಹೆಂಡತಿ, ಚುರುಕಿನ ಹೆಂಗಸು. ಅವಳ ಹಿಂದೆ ಗಂಡ, ಅರಿಶಿನ ಬೆಳೆಯುವ ರೈತ, ಮೂವತ್ತು ದಾಟಿರಬಹುದು, ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಆಸಾಮಿ. ಅವನ ಹಿಂದೆ, ಅವನ ಬೆನ್ನಿಗೆ ಮುಖ ಮಾಡಿಕೊಂಡು, ತಲೆಯ ಮೇಲೆ ಸೆರಗು ಹೊದ್ದ ಅವನ ಅಜ್ಜಿ.

ಗಂಡ ಹೆಂಡತಿ ಕೂತರು. ಅಜ್ಜಿ ಅವನ ಬೆನ್ನ ಹಿಂದೆ ನಿಂತೇ ಇದ್ದಳು.

"ಕೂತ್ಕೊಳ್ಳಿ ಅಜ್ಜಿ, ಕುರ್ಚಿ ಇದೆಯಲ್ಲ."

"ಅವ್ರ್ ಮುಂದೆ ಎಂಗವ್ವ ಕೂರಾದು?" ಎಂದಳು ಅಜ್ಜಿ, ತಗ್ಗಿದ ದನಿಯಲ್ಲಿ.

ನಾನು ಕೋಣೆಯ ಮೂಲೆಮೂಲೆ ನೋಡಿದೆ. ಅವಳ ಎದುರಿಗೆ ಮೊಮ್ಮಗನ ಬೆನ್ನು ಬಿಟ್ಟರೆ ಇನ್ನಾರೂ ಇರಲಿಲ್ಲ.

ಹೆಂಡತಿ ನಿಟ್ಟುಸಿರು ಬಿಟ್ಟು ಗಂಡನ ಅಂಗಿ ಮೇಲೆತ್ತಿದಳು. ಬಲ ಹೆಗಲಿನ ಕೆಳಗೆ, ಹುಣಸೆಬೀಜಕ್ಕಿಂತ ದೊಡ್ಡ ಮಚ್ಚೆ. ಎಣ್ಣೆ ಸವರಿ ಮಿರಮಿರ ಮಿಂಚುತ್ತಿತ್ತು, ಸುತ್ತ ಅರಿಶಿನದ ಗುರುತು. ಅಜ್ಜಿ ಸೆರಗನ್ನು ಇನ್ನಷ್ಟು ಎಳೆದುಕೊಂಡು ತಲೆ ಬಗ್ಗಿಸಿದಳು.

ಹೆಂಡತಿ ಹೇಳಿದ್ದು ಇಷ್ಟು. ಅವರ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಹೆಣ ಹೊರಗೆ ತೆಗೆಯುವ ಮುನ್ನ ದೀಪದ ಮಸಿಯನ್ನು ಹೆಬ್ಬೆಟ್ಟಿಗೆ ಹಚ್ಚಿಕೊಂಡು ಅದರ ಮೈಮೇಲೆ ಒಂದು ಕಡೆ ಒತ್ತುವುದು ಪದ್ಧತಿ. ತಿರುಗಿ ಹುಟ್ಟಿ ಬಂದರೆ ಗುರುತು ಸಿಗಬೇಕಲ್ಲ. ಅಜ್ಜಿ ತನ್ನ ಗಂಡನಿಗೆ ಬಲ ಹೆಗಲಿನ ಕೆಳಗೆ ಒತ್ತಿದ್ದಳು. ಮಾರನೇ ವರ್ಷ ಹುಟ್ಟಿದ ಈ ಮೊಮ್ಮಗನಿಗೆ ಅದೇ ಜಾಗದಲ್ಲಿ ಮಚ್ಚೆ. ಅಂದಿನಿಂದ ಮಚ್ಚೆಗೆ ಶನಿವಾರ ಶನಿವಾರ ಎಣ್ಣೆ ಅರಿಶಿನ. ಮಾರ್ನಮಿಯಲ್ಲಿ ಹಿರಿಯರಿಗೆ ಇಡುವ ಎಡೆಯನ್ನು ಇವನ ಬೆನ್ನ ಹಿಂದೆ ಇಟ್ಟು, ಬೀಡಿ ಕಟ್ಟನ್ನೂ ಇಟ್ಟು, ಆಮೇಲೆ ಅದನ್ನು ಇವನಿಗೇ ಉಣ್ಣಿಸುವುದು.

"ಇವ್ರು ಬೀಡಿ ಸೇದಲ್ಲ ಮೇಡಂ," ಎಂದಳು ಹೆಂಡತಿ. "ಆದ್ರೂ ಅವತ್ತೊಂದಿನ ಕೆಮ್ಕಂಡ್ ಕೆಮ್ಕಂಡ್ ಒಂದ್ ಸೇದ್ಲೇಬೇಕು. ಮುಂದ್ಕಡೆ ನನ್ ಗಂಡ, ಇಂದ್ಕಡೆ ಅಜ್ಜಿ ಗಂಡ. ನಾನ್ ಏನ್ ಮಾಡ್ಲಿ?"

ನಾನು ಬಗ್ಗಿ ಲೆನ್ಸ್ ಹಿಡಿದೆ. ನಗು ಅಲ್ಲಿಗೇ ನಿಂತಿತು. ಮಚ್ಚೆಯ ಒಂದು ಪಕ್ಕ ಸೀಳಿಕೊಂಡು ಆಚೆಗೆ ಹರಿದಿತ್ತು. ಕಪ್ಪು, ಕಂದು, ನೀಲಿ, ನಡುವೆ ಕೆಂಪು. ಹಳೆಯ ಭಾಗದಲ್ಲಿ ಮಾತ್ರ ಸಣ್ಣ ಸಣ್ಣ ಗೆರೆಗಳು, ಬಾಗಿ ಬಾಗಿ, ಒಂದರ ಪಕ್ಕ ಒಂದು. ಅಂಥ ಗೆರೆಗಳು ಮಚ್ಚೆಯಲ್ಲಿ ಇರುವುದುಂಟು, ನಮ್ಮ ಪುಸ್ತಕದಲ್ಲಿ ಅದಕ್ಕೊಂದು ಹೆಸರೂ ಇದೆ. ಆದರೂ ಆ ಹೊತ್ತಿನಲ್ಲಿ ಅದು ಹೆಬ್ಬೆಟ್ಟಿನ ಗುರುತಿನ ಹಾಗೆಯೇ ಕಂಡಿತು, ಸುಳ್ಳು ಹೇಳಲಾರೆ. ಕತ್ತಿನ ಹಿಂದೆ ತಣ್ಣಗಾಯಿತು. ತಲೆ ಎತ್ತಿದರೆ, ಅಜ್ಜಿ ಮೊಮ್ಮಗನ ಬೆನ್ನು ಬಿಟ್ಟು ನನ್ನ ಕತ್ತನ್ನೇ ನೋಡುತ್ತಿದ್ದಳು.

"ಅಜ್ಜಿ," ಎಂದೆ, "ಇದರ ಲಕ್ಷಣ ಚೆನ್ನಾಗಿಲ್ಲ. ಅಂಚು ಮೀರಿ ಆಚೆಗೆ ಹೋಗ್ತಿದೆ."

ಅಜ್ಜಿಯ ಮುಖ ಅರಳಿತು. "ಅವ್ರೇಯ! ಬದುಕಿದ್ದಾಗ್ಲೂ ಅಂಗೇ ಕಣವ್ವ. ವರ್ಸಾ ವರ್ಸಾ ಉಳೋವಾಗ ಬದ ಒತ್ತಿ ಪಕ್ಕದೋರ ಒಲಕ್ಕೆ ಕಾಲಿಡೋರು."

"ಬಣ್ಣ ಬೇರೆ ಬೇರೆ ಆಗಿದೆ."

"ಎಲೆಕ್ಷನ್ ಬಂದ್ರೆ ಮೂರ್ ಪಾರ್ಟಿನೋರ ಜತೆಗೂ ಓಡಾಡೋರು."

"ಸ್ವಲ್ಪ ಮುಟ್ಟಿದ್ರೂ ರಕ್ತ ಬರುತ್ತೆ ಅಂತಾರೆ ಇವರ ಹೆಂಡತಿ, ನಿಮ್ಮ ಸೊಸೆ."

"ಶ್ಯಾನೆ ಕ್ವಾಪ. ಮುಟ್ಟುಸ್ಕಳ್ತಾ ಇರ್ಲಿಲ್ಲ."

ಹುಟ್ಟುಗುಣ ಸುಟ್ಟರೂ ಹೋಗದು ಅಂತ ಗಾದೆ. ಇವರನ್ನು ಸುಟ್ಟಿರಲೂ ಇಲ್ಲ, ಹೂತಿದ್ದರು. ಇನ್ನೆಲ್ಲಿಂದ ಹೋದೀತು! ಕೆಟ್ಟ ಲಕ್ಷಣ ಒಂದೊಂದು ಹೇಳಿದಷ್ಟೂ ಅಜ್ಜಿಗೆ ತನ್ನ ಗಂಡ ಇವರೇ ಎನ್ನುವುದು ಗಟ್ಟಿಯಾಗುತ್ತ ಹೋಯಿತು. ನಾನು ಸಿಟ್ಟಿನಿಂದ ನೇರವಾಗಿಯೇ ಹೇಳಿದೆ: ಇದನ್ನು ಕೂಡಲೇ ಕತ್ತರಿಸಿ ತೆಗೆಯಬೇಕು, ಬಿಟ್ಟರೆ ಒಳಗೆ ಇಳಿಯುತ್ತದೆ, ಆಮೇಲೆ ಮೊಮ್ಮಗ ಕೈಗೆ ಸಿಗುವುದಿಲ್ಲ.

ಬೆಟ್ಟದ ಬಸ್ಸು ಹೊರಟು ಗೋಡೆ ನಡುಗಿತು.

"ಕತ್ತರ್ಸುದ್ರೆ ಅವ್ರು ಎಲ್ಲಿಗೋಗ್ಬೇಕು?" ಎಂದಳು ಅಜ್ಜಿ. ಅವಳ ಕಣ್ಣಲ್ಲಿ ನೀರಿತ್ತು. "ಎಲ್ಡನೇ ಸಲ ರಂಡೆ ಮಾಡ್ಬ್ಯಾಡಿ ನನ್ನ."

ಅಳತೆಪಟ್ಟಿ ಪಕ್ಕದಲ್ಲಿಟ್ಟು ಒಂದು ಫೋಟೋ ಮಾತ್ರ ತೆಗೆದುಕೊಂಡೆ. ಮೊಮ್ಮಗ ಅಂಗಿ ಇಳಿಸಿ "ಅಜ್ಜಿ ಒಪ್ಪುದ್ರೆ ಬತ್ತೀನಿ ಮೇಡಂ" ಎಂದು ಹೊರಟೇಬಿಟ್ಟ. ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಗಂಡನ ಚಿಂತೆ ಎನ್ನುತ್ತಾರೆ. ಆ ಮನೆಯಲ್ಲಿ ಅಜ್ಜಿಗೂ ಸೊಸೆಗೂ ಗಂಡನದೇ ಚಿಂತೆ, ಅದೂ ಒಂದೇ ಮೈಯಲ್ಲಿ. ಸೊಸೆ ಬಾಗಿಲ ತನಕ ಹೋದವಳು ವಾಪಸು ಬಂದು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಎಂಗಾದ್ರೂ ಮಾಡಿ ತೆಗೀರಿ ಮೇಡಂ. ಇವ್ರು ಆ ಕಡೆ ತಿರುಕ್ಕಂಡು ಮಲ್ಗುದ್ರೆ, ತಾತ ನನ್ನೇ ನೋಡ್ಕಂಡಿದ್ದಂಗೆ ಆಯ್ತದೆ."

೩. ನಿಂಬೆಹಣ್ಣು

ಮಳೆ ಕಳೆಯಿತು, ಚಳಿ ಬಂತು, ಬಂಡಳ್ಳಿಯವರ ಸುದ್ದಿಯಿಲ್ಲ. ಫೋನ್ ಮಾಡಿದರೆ ಸೊಸೆ "ಒಪ್ತಿಲ್ಲ ಮೇಡಂ" ಎನ್ನುತ್ತಿದ್ದಳು. ನಾನು ಬೈದೆ, ಬೇಡಿಕೊಂಡೆ, ಮೊಮ್ಮಗನಿಗೂ ಹೇಳಿದೆ. ಕೊಳ್ಳೇಗಾಲದ ಕ್ಲಿನಿಕ್ಕಿನ ಬಾಗಿಲು ಕಿರ್ರೆಂದಾಗಲೆಲ್ಲ ಅವರೇ ಇರಬಹುದೆಂದು ತಲೆ ಎತ್ತುತ್ತಿದ್ದೆ.

ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ನನ್ನ ಕ್ಲಿನಿಕ್ಕು ಹಳೆಯ ತೊಟ್ಟಿಮನೆ, ಹಗಲಲ್ಲೂ ಒಳಗೆ ಮಬ್ಬು. ಲೆನ್ಸಿನ ದೀಪ ಒಂದೇ ಉರಿಯುತ್ತಿತ್ತು. ಬಾಗಿಲು ತೆರೆದು ಬಂದವನು ಇಸ್ತ್ರಿ ಅಂಗಿಯ ಹೊರಊರಿನವ. ಕೈಯಲ್ಲಿ ತಟ್ಟೆ, ಅದರಲ್ಲಿ ವೀಳ್ಯದೆಲೆ ಮತ್ತು ಒಂದು ನಿಂಬೆಹಣ್ಣು. ತಟ್ಟೆಯನ್ನು ಮೇಜಿನ ಮೇಲಿಟ್ಟು ಕೈಮುಗಿದ. ಯಾರೋ ಗುಣವಾದವರ ಕಡೆಯವನಿರಬೇಕು ಅಂದುಕೊಂಡೆ. ಏನೂ ಹೇಳದೆ ಅಂಗಿಯ ಗುಂಡಿ ಬಿಚ್ಚಿ ಎದೆಯ ಮೇಲಿನ ಮಚ್ಚೆ ತೋರಿಸಿದ.

ನಾನು ದೀಪ ಹಿಡಿದು ನೋಡಿದೆ. ಸಾಧುವಾದ ಮಚ್ಚೆ.

"ಇದು ಹುಟ್ಟಿನಿಂದ ಬಂದಿದ್ದಲ್ಲ," ಎಂದೆ. "ಆಮೇಲೆ ಬಂದಿದ್ದು."

ಅವನು ನಡುಗಿದ. "ಹೌದಮ್ಮ! ಪಕ್ಕದ ಮನೆಯವರು ಬಂದ ಮೇಲೇ!"

"ಪಕ್ಕದ ಮನೆಯವರ ವಿಷಯ ನನಗೆ ಗೊತ್ತಿಲ್ಲ. ಇದರಿಂದ ನಿಮಗೆ ಕೆಡುಕಿಲ್ಲ. ಉಗುರು ತಾಗಿಸಬೇಡಿ, ಸುಣ್ಣ ಹಚ್ಚಬೇಡಿ. ಏನಾದ್ರೂ ಬದಲಾದ್ರೆ ಮಾತ್ರ ಬನ್ನಿ."

ಅವನ ಕಣ್ಣು ತುಂಬಿ ಬಂತು. ಬಾಗಿಲಲ್ಲಿ ನಿಂತು ಮೆತ್ತಗೆ ಕೇಳಿದ: "ಕೋಳಿ ಕಪ್ಪುದೇ ಆಗಬೇಕಾ ಅಮ್ಮ, ಯಾವುದಾದ್ರೂ ನಡೆಯುತ್ತಾ?"

ಆಗ ಗೊತ್ತಾಯಿತು. ಅವನು ಹುಡುಕಿಕೊಂಡು ಬಂದದ್ದು ಹಿಂದಿನ ಬೀದಿಯಲ್ಲಿ ಮಾಟ ತೆಗೆಯುವವನ ಮನೆಯನ್ನು. ಕತ್ತಲ ಕೋಣೆ, ಹೊರಗೆ ಪಿಟಕ್ಕೆನ್ನದೆ ಕೂತ ಜನ, ಒಂದೇ ದೀಪ. ಅವನದಾದರೂ ಏನು ತಪ್ಪು? ನಾನು ಬರೀ ಚರ್ಮದ ಡಾಕ್ಟರು, ಆ ಮನೆ ಹಿಂದಿನ ಬೀದಿ ಎಂದು ಹೇಳಿದೆ. ಅವನು ಅಂಗಿಯ ಗುಂಡಿ ಹಾಕಿಕೊಂಡ.

"ಪರವಾಗಿಲ್ಲ ಮೇಡಂ," ಎಂದ, "ಹೆಂಗಿದ್ರೂ ಬಂದಿದೀನಿ. ಅಲ್ಲಿಗೂ ಹೋಗಿ ಒಂದು ಸೆಕೆಂಡ್ ಒಪೀನಿಯನ್ ತಗೋತೀನಿ."

೪. ಸರ್ವೆ

ಅವನು ಬಿಟ್ಟುಹೋದ ನಿಂಬೆಹಣ್ಣು ಮೇಜಿನ ಮೇಲೇ ಇತ್ತು. ಎಸೆಯಲು ನಮ್ಮ ನರ್ಸಮ್ಮನಿಗೆ ಭಯ, ಜ್ಯೂಸ್ ಮಾಡಿಕೊಳ್ಳಲು ನನಗೆ ಭಯ. ಹೀಗಾಗಿ ಅರಿಶಿನ ಕೀಳುವ ಕಾಲಕ್ಕೆ ಬಂಡಳ್ಳಿಯವರು ಕೊನೆಗೂ ಬಾಗಿಲು ತೆರೆದಾಗ ಅದು ಒಣಗಿ ಕಪ್ಪಾಗಿ ಅಲ್ಲೇ ಕೂತಿತ್ತು. ಸೊಸೆ ತವರಿಗೆ ಹೋಗುತ್ತೇನೆಂದು ಹೆದರಿಸಿ ಇಬ್ಬರನ್ನೂ ಎಳೆದುಕೊಂಡು ಬಂದಿದ್ದಳು. ಅಜ್ಜಿ ಮೇಜಿನ ಮೇಲಿನ ನಿಂಬೆಹಣ್ಣು ನೋಡಿದಳು, ನನ್ನ ಮುಖ ನೋಡಿದಳು.

"ನಿಮ್ಗೂ ಇದೆಲ್ಲ ಬತ್ತದಾ? ಮೊದ್ಲೇ ಏಳ್ಬಾರ್ದಿತ್ತಾ ನನ್ ತಾಯಿ?"

ಮೊದಲ ಸಲ ನನ್ನನ್ನು ನಂಬಿದಂತೆ ಕಂಡಳು. ಬಿಡಿಸಿ ಹೇಳುವ ಧೈರ್ಯ ನನಗೂ ಆಗಲಿಲ್ಲ.

ಮೊಮ್ಮಗ ಅಂಗಿ ಬಿಚ್ಚಿದ. ಮಚ್ಚೆ ಬೆಳೆದಿತ್ತು. ಮತ್ತೆ ಅಳತೆಪಟ್ಟಿ ಇಟ್ಟು ಫೋಟೋ ತೆಗೆದೆ. ಹನೂರಿನಲ್ಲಿ ತೆಗೆದದ್ದನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ಸೊಸೆಗೆ ತೋರಿಸುತ್ತಿದ್ದೆ. ಅಜ್ಜಿ ಹಿಂದಿನಿಂದ ಬಗ್ಗಿ ಇಣುಕಿದಳು.

"ಇದೇನವ್ವ, ಪಟ್ಟಿ ಇಟ್ಟಿದೀರಿ? ಸರ್ವೆನಾ?"

"ಹೌದಜ್ಜಿ. ಇದು ಆವತ್ತಿನ ಗಡಿ. ಇದು ಇವತ್ತಿನದು."

ಅಜ್ಜಿ ಫೋನನ್ನು ಕಣ್ಣಿಗೆ ಹತ್ತಿರ ತಂದುಕೊಂಡಳು, ದೂರ ಹಿಡಿದಳು. ಬೆರಳಿನಿಂದ ಹಳೆಯ ಅಂಚನ್ನು ಮುಟ್ಟಿದಳು, ಹೊಸ ಅಂಚನ್ನು ಮುಟ್ಟಿದಳು. ಅವಳ ಮುಖದಲ್ಲಿ ಇಷ್ಟು ದಿನ ಇದ್ದ ನಾಚಿಕೆ ಭಕ್ತಿಯೆಲ್ಲ ಮೆಲ್ಲಗೆ ಇಳಿದುಹೋಯಿತು. ತಲೆಯ ಮೇಲಿನ ಸೆರಗನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಮೊಮ್ಮಗನ ಬೆನ್ನ ಹಿಂದೆ ನೆಟ್ಟಗೆ ನಿಂತಳು.

"ಏನ್ ನೀವು?" ಎಂದಳು. ನಮಗಲ್ಲ, ಮಚ್ಚೆಗೆ. "ಪಕ್ಕದೋರ ಬದ ಒತ್ತುದ್ರಿ, ಸುಮ್ಕಿದ್ದೆ. ದಾಯಾದಿ ಗದ್ದೆ ಒತ್ತುದ್ರಿ, ಊರೋರ್ ಕೈಲಿ ಉಗುಸ್ಕಂಡು ಸುಮ್ಕಿದ್ದೆ. ಈಗ ಮೊಮ್ಮಗನ ಮೈಯ್ಯ ಒತ್ತೀರಾ? ಇದು ನಿಮ್ದಾ? ಇವ್ನಿಗೆ ಎಲ್ಡ್ ಮಕ್ಳವೆ. ಕೇಳುಸ್ತಾ ಅದಾ?"

ಮೊಮ್ಮಗನ ಬೆನ್ನಿನ ಮೇಲೆ ಸಣ್ಣಗೆ ಕೂದಲು ನಿಮಿರಿ ನಿಂತಿದ್ದನ್ನು ನಾನು ನೋಡಿದೆ. ಚಳಿಗಿರಬೇಕು.

"ಅಜ್ಜಿ, ನಾನಲ್ಲ ಅಜ್ಜಿ," ಎಂದ ಅವನು ಹಿಂದೆ ತಿರುಗದೆ.

"ಲೇ, ನಿಂಗಲ್ಲ ಕಣ್ಲಾ, ಸುಮ್ಕಿರು!" ಎಂದು ಗದರಿ, ಅಜ್ಜಿ ಮತ್ತೆ ಬೆನ್ನಿಗೆ ಬಹುವಚನದಲ್ಲಿ ಮಾತು ಮುಂದುವರಿಸಿದಳು. "ಎದ್ದೇಳಿ ಅಲ್ಲಿಂದ."

ಆಮೇಲೆ ಅವಳು ನನ್ನ ಕಡೆ ತಿರುಗಿ ದೀಪ ಕೇಳಿದಳು. ಕ್ಲಿನಿಕ್ಕಿನ ದೇವರ ಗೂಡಿನ ದೀಪದ ಮೇಲೆ ಚಮಚ ಹಿಡಿದು ಮಸಿ ಮಾಡಿ ಕೊಟ್ಟಳು ನಮ್ಮ ನರ್ಸಮ್ಮ. ಅಜ್ಜಿ ಹೆಬ್ಬೆಟ್ಟಿಗೆ ಬೇಡವೆಂದು ಕಿರುಬೆರಳ ತುದಿಗೆ ಮಾತ್ರ ಹಚ್ಚಿಕೊಂಡಳು. ಮೊಮ್ಮಗನ ಎಡ ಮೊಣಕೈ ಮೇಲುಗಡೆ ಸಾಸಿವೆಯಷ್ಟು ಒತ್ತಿದಳು.

"ಇಷ್ಟೇ ಜಾಗ. ಇದ್ರಾಚೆ ಕಾಲಿಟ್ರೆ ನಾನ್ ನಿಮ್ ಎಂಡ್ರಲ್ಲ," ಎಂದಳು. ಆ ಮಾತು ಹೇಳುವಾಗ ಅವಳ ಗಲ್ಲ ನಡುಗುತ್ತಿತ್ತು. ಗಂಡ ಇನ್ನೊಮ್ಮೆ ಹೋದರೂ ಹೋಗಲಿ, ಮೊಮ್ಮಗ ಉಳಿಯಲಿ ಎಂದು ಅವಳು ತೀರ್ಮಾನ ಮಾಡಿಯಾಗಿತ್ತು.

ಮತ್ತೆ ಮನಸ್ಸು ಬದಲಾಗುವ ಮೊದಲು ಆ ಮಧ್ಯಾಹ್ನವೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸುತ್ತ ಸ್ವಲ್ಪ ಒಳ್ಳೆಯ ಚರ್ಮವನ್ನೂ ಸೇರಿಸಿ ಮಚ್ಚೆಯನ್ನು ತೆಗೆದೆ. ಹೊಲಿಗೆ ಹಾಕುವ ತನಕ ಅಜ್ಜಿ ಅವನ ಎಡ ಮೊಣಕೈಯನ್ನು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ತೆಗೆದ ತುಂಡನ್ನು ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿದೆ.

"ಇದನ್ನ ಮೈಸೂರಿಗೆ ಪರೀಕ್ಷೆಗೆ ಕಳಿಸಬೇಕು ಅಜ್ಜಿ."

ಅಜ್ಜಿ ಬಾಟಲಿಯನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಇದ್ರಲ್ಲಿ ಯಾರೂ ಇಲ್ಲ ಬುಡಿ," ಎಂದಳು. "ಅವ್ರು ಆಗ್ಲೇ ಎದ್ದು ಬಂದಾಯ್ತು. ಖಾಲಿ ಮನೆ ಗ್ವಾಡೆ ಕುಟ್ಟಿ ನೋಡಾಕೆ ಮೈಸೂರ್ಗಂಟ ಕಳುಸ್ತೀರಾ?"

೫. ಅವರು ಯಾರು?

ಮೈಸೂರಿನಿಂದ ರಿಪೋರ್ಟ್ ಬರುವ ತನಕ ನನಗೆ ಸರಿಯಾಗಿ ಊಟ ಸೇರಲಿಲ್ಲ. ಬಂತು. ಕೆಟ್ಟದ್ದು ಹೌದು, ಆದರೆ ಮೇಲುಪದರದಲ್ಲೇ ಇತ್ತು, ಆಳಕ್ಕೆ ಇಳಿದಿರಲಿಲ್ಲ. ಕತ್ತರಿಸಿದ ಅಂಚುಗಳೆಲ್ಲ ಶುದ್ಧ, ಏನೂ ಉಳಿದಿರಲಿಲ್ಲ. ಓದಿ ಮುಗಿಸಿ ಕುರ್ಚಿಯಲ್ಲಿ ಸುಮ್ಮನೆ ಕೂತು ಸ್ವಲ್ಪ ಅತ್ತೆ. ಇನ್ನು ಮೂರು ತಿಂಗಳಿಗೊಮ್ಮೆ ಬಂದು ಮೈಯೆಲ್ಲ ತೋರಿಸಿಕೊಂಡು ಹೋಗಬೇಕು ಎಂದು ಫೋನಿನಲ್ಲಿ ಹೇಳಿದಾಗ ಸೊಸೆಯೂ ಅತ್ತಳು.

ಮೂರು ತಿಂಗಳಿಗೆ ಸರಿಯಾಗಿ ಬಂದರು. ಈ ಸಲ ಮುಂದೆ ಬಂದವಳು ಅಜ್ಜಿ. "ಯಜಮಾನ್ರ ಚೆಕಪ್ ಅದೆ" ಎಂದು ನರ್ಸಮ್ಮನಿಗೆ ಹೇಳಿ, ಕಾಯುತ್ತಿದ್ದವರನ್ನೆಲ್ಲ ದಾಟಿ ಒಳಗೆ ಬಂದು ಕುರ್ಚಿಯಲ್ಲಿ ಕೂತಳು. ಮೊಮ್ಮಗನ ಬೆನ್ನಿಗೆ ಬೆನ್ನು ಮಾಡಿಕೊಂಡು! ಆ ಕಡೆ ಈಗ ಯಾರೂ ಇರಲಿಲ್ಲವಲ್ಲ.

ಬೆನ್ನಿನ ಗಾಯ ಚೆನ್ನಾಗಿ ಮಾಗಿತ್ತು. ಕತ್ತು, ಕಾಲು, ಉಗುರು ಎಲ್ಲ ನೋಡುತ್ತ ಎಡಗೈಗೆ ಬಂದೆ. ಮೊಣಕೈ ಮೇಲುಗಡೆ, ಅಜ್ಜಿ ಮಸಿ ಒತ್ತಿದ್ದ ಕಡೆ, ಒಂದು ಸಣ್ಣ ಚುಕ್ಕಿ.

ಹೊನ್ನೂರಿನ ಕೂಸು ನೆನಪಾಯಿತು. ನಾನೇನು ಎರಡು ಸಲ ಮೋಸ ಹೋಗುವವಳೇ? ನಗುತ್ತ ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದೆ. ಹತ್ತಿ ಬೆಳ್ಳಗೇ ಇತ್ತು. ಇನ್ನೊಂದು ಹತ್ತಿ ತೆಗೆದುಕೊಂಡು ಗಟ್ಟಿಯಾಗಿ ಉಜ್ಜಿದೆ. ಅದೂ ಬೆಳ್ಳಗೇ ಇತ್ತು. ಚುಕ್ಕಿ ಅಲ್ಲೇ ಇತ್ತು.

"ಉಜ್ಜಬ್ಯಾಡಿ ತಾಯಿ," ಎಂದಳು ಅಜ್ಜಿ ನಾಚಿಕೊಂಡು. "ಅವ್ರ್ಗೆ ಕಚಗುಳಿ ಜಾಸ್ತಿ."

ಲೆನ್ಸ್ ಹಿಡಿದು ನೋಡಿದೆ. ಸಾಸಿವೆಯಷ್ಟೇ, ಗುಂಡಗೆ, ಒಂದೇ ಬಣ್ಣ, ಅಂಚು ಅಚ್ಚುಕಟ್ಟು. ಪುಸ್ತಕದಲ್ಲಿ ಒಳ್ಳೆಯ ಮಚ್ಚೆಗೆ ಹಾಕುವ ಚಿತ್ರದ ಹಾಗಿತ್ತು. ದೊಡ್ಡವರಿಗೂ ಹೊಸ ಮಚ್ಚೆ ಬರುವುದುಂಟು, ಬಿಸಿಲಲ್ಲಿ ದುಡಿಯುವ ಕೈ, ಬರಬಾರದೆಂದೇನೂ ಇಲ್ಲ. ಇಷ್ಟನ್ನೂ ನಾನು ನನಗೇ ಹೇಳಿಕೊಂಡೆ. ದೀಪದ ಬೆಳಕಿನಲ್ಲಿ ಸಣ್ಣ ಸಣ್ಣ ಗೆರೆಗಳು ಬಾಗಿ ಬಾಗಿ ಕಂಡವು. ಲೆನ್ಸ್ ಕೆಳಗಿಟ್ಟೆ.

"ಬದ ಒತ್ತವ್ರಾ?" ಎಂದಳು ಅಜ್ಜಿ ಆತಂಕದಿಂದ.

"ಇಲ್ಲಜ್ಜಿ. ಹೇಳಿದ ಜಾಗದಲ್ಲೇ ಇದ್ದಾರೆ," ಎಂದೆ. ಇದ್ದಾರೆ ಎಂದದ್ದು ಬಾಯಿ ತಪ್ಪಿ.

ಅಜ್ಜಿ ತೃಪ್ತಿಯಿಂದ ಎದ್ದಳು. ಹೊರಟವಳು ನಿಂತಳು. ಬಂದಾಗಿನಿಂದ, ಅಲ್ಲ, ಹನೂರಿನ ಮೊದಲ ದಿನದಿಂದ ನನ್ನ ಕತ್ತಿನ ಹಿಂಭಾಗವನ್ನು ನೋಡುತ್ತಿದ್ದಳಲ್ಲ, ಅದನ್ನೇ ಮತ್ತೊಮ್ಮೆ ನೋಡಿದಳು.

"ಕೇಳ್ಬಾರ್ದು ಅಂತ ಇಷ್ಟ್ ದಿನ ಸುಮ್ಕಿದ್ದೆ ಕಣವ್ವ," ಎಂದಳು. "ನಿಮ್ ಕತ್ತಲ್ಲಿ ಜಡೆ ಬುಡದಲ್ಲಿ ಒಬ್ರು ಅವ್ರಲ್ಲ, ಅವ್ರು ಯಾರು?"

ನಾನು ನಕ್ಕೆ. ಅವರು ಹೋದ ಮೇಲೆ ನಗು ನಿಂತಿತು. ಊರಿನವರೆಲ್ಲರ ಮೈ ನೋಡುವ ನಾನು ನನ್ನ ಕತ್ತನ್ನು ಒಂದು ದಿನವೂ ನೋಡಿಕೊಂಡವಳಲ್ಲ. ದೀಪದ ಬುಡದಲ್ಲೇ ಕತ್ತಲು. ಮನೆಗೆ ಹೋಗಿ ಎರಡು ಕನ್ನಡಿ ಹಿಡಿದು ಜಡೆ ಎತ್ತಿದೆ. ಇತ್ತು. ಫೋಟೋ ತೆಗೆದು ಮೈಸೂರಿನ ಗೆಳತಿಗೆ ಕಳಿಸಿದೆ. "ಏನೂ ಇಲ್ಲ ಕಣೇ, ಹಳೇ ಮಚ್ಚೆ, ಹುಟ್ಟಿನಿಂದ ಇರಬೇಕು" ಎಂದಳು. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಅಮ್ಮನಿಗೆ ಫೋನ್ ಮಾಡಿದೆ. ನಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಮಸಿ ಹಚ್ಚುವ ಪದ್ಧತಿ ಇದೆಯೇ, ನಾನು ಹುಟ್ಟುವ ಮುಂಚೆ ಹಾಗೇನಾದರೂ ಮಾಡಿದ್ದರೇ ಎಂದು ಕೇಳಿದೆ.

ಆ ಕಡೆ ಯಾವುದೋ ಪಾತ್ರೆಗೆ ಮುಚ್ಚಳ ಹಾಕಿದ ಸದ್ದಾಯಿತು. ಆಮೇಲೆ ಅಮ್ಮ, "ಊಟ ಆಯ್ತಾ?" ಎಂದಳು.

ಮುಂದಿನ ಚೆಕಪ್ಪಿಗೆ ಬಂದಾಗ ಅಜ್ಜಿ ಮೊದಲು ಕೇಳಿದ್ದು ಅದನ್ನೇ. "ಗೊತ್ತಾಯ್ತಾ ಯಾರು ಅಂತ?"

"ಇಲ್ಲಜ್ಜಿ, ಯಾರೂ ಹೇಳ್ತಿಲ್ಲ."

"ಬಾಡ್ಗೆ ಇಲ್ದೆ ಇಷ್ಟ್ ವರ್ಸದಿಂದ ಅವ್ರೆ, ಯಾರು ಎತ್ತ ಅಂತಾನಾದ್ರೂ ತಿಳ್ಕಬ್ಯಾಡ್ವಾ?" ಎಂದು ನನ್ನನ್ನೇ ಗದರಿದಳು ಅಜ್ಜಿ.

ಇದರಲ್ಲೆಲ್ಲ ನನಗೆ ನಂಬಿಕೆಯಿಲ್ಲ. ಅದು ಮಚ್ಚೆ, ಅಷ್ಟೇ. ಆದರೆ ಈಗ ಸ್ನಾನ ಮಾಡುವಾಗ ಕತ್ತಿನ ಹಿಂದೆ ಸೋಪನ್ನು ಸ್ವಲ್ಪ ಮೆತ್ತಗೆ ಹಚ್ಚುತ್ತೇನೆ. ಯಾರೋ ಏನೋ, ದೊಡ್ಡವರಿದ್ದರೂ ಇರಬಹುದು.